ನೀರೆರೆದವರ ಮರ

ಮನೆಯಂಗಳದ ಮರ ಕಡಿಸುವುದು ಪಾಪವೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇದೆ. ಹೌದು, ಪಾಪ, ತೀರಾ ಅನಿವಾರ್ಯವಾದರೆ ಪೂಜೆ ಮಾಡಿ, ತಪ್ಪಾಯಿತೆಂದು ಕೈಮುಗಿದು ಕಡಿಯಬೇಕು. ಈ ಉತ್ತರ ಹುಟ್ಟಿದ್ದು ಮಳೆಯ ನಾಡಿನಲ್ಲಿ. ಹಕ್ಕಿ ಉದುರಿಸಿದ ಬೀಜ ಗೋಡೆಯ ಬಿರುಕಿನಲ್ಲೂ ಅರಳಿಮರವಾಗುವ ಕಡೆ ಮರಕ್ಕೆ ಮನುಷ್ಯನಿಂದ ಆಗಬೇಕಾದ್ದು ಹೆಚ್ಚೇನಿಲ್ಲ, ಅವನು ಕೊಡಲಿ ಎತ್ತದಿದ್ದರೆ ಸಾಕು. ತಲ್ಲಣಿಸುವ ಮನಸ್ಸಿಗೆ ಸಮಾಧಾನ ಹೇಳುವಾಗ ಕನಕದಾಸರು ಬೆಟ್ಟದ ತುದಿಯ ಮರವನ್ನು ತೋರಿಸಿದ್ದೂ ಈ ನಂಬಿಕೆಯ ಬಲದಿಂದಲೇ: ಅದನ್ನು ಸಾಕುವವನು ಬೇರೆ ಇದ್ದಾನೆ. ಆದರೆ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ನಿಂತು ಈ ಮರಕ್ಕೆ ನೀರೆರೆದವರು ಯಾರು ಎಂದು ಕೇಳಿದರೆ ಉತ್ತರ ಮನೆಯವರ ನೀರಿನ ಬಿಲ್ಲಿನಲ್ಲಿ ಸಿಗುತ್ತದೆ. ಮರವೊಂದು ಮನುಷ್ಯನ ಕೈಯಾಸರೆಯಿಲ್ಲದೆ ಬದುಕಲಾರದ ಚಳಿಯ, ಒಣಹವೆಯ ಸೀಮೆಯಲ್ಲಿ ಕಡಿಯುವುದು ಪಾಪವೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ನೆಟ್ಟಾಗ ತಲೆಗೇರಿದ ಋಣವನ್ನು ತೀರಿಸುತ್ತಿದ್ದೇವೆಯೇ ಎಂಬುದು.

ಡೆನ್ವರ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ, ರಾಕಿ ಪರ್ವತಗಳ ಮಳೆನೆರಳಿನಲ್ಲಿ. ಸಾಮಾನ್ಯ ವರ್ಷದಲ್ಲಿ ಮಳೆ, ಹಿಮ ಎಲ್ಲ ಸೇರಿದರೂ 40 ಸೆಂಟಿಮೀಟರ್ ಮುಟ್ಟುವುದಿಲ್ಲ. ಬೆಂಗಳೂರಿನ ಮಳೆಯ ಅರ್ಧವೂ ಆಗಲಿಲ್ಲ. 19ನೇ ಶತಮಾನದ ನಡುವೆ ಚಿನ್ನ ಅರಸಿ ಬಂದವರು ಕಂಡದ್ದು ಗಿಡ್ಡ ಹುಲ್ಲಿನ ಬಯಲನ್ನು. ಸೌತ್ ಪ್ಲ್ಯಾಟ್ ನದಿಯ, ಚೆರ್ರಿ ಕ್ರೀಕ್ ತೊರೆಯ ದಂಡೆಗಳಲ್ಲಿ ಕಾಟನ್‌ವುಡ್, ವಿಲ್ಲೋ ಬಿಟ್ಟರೆ ಹೇಳಿಕೊಳ್ಳುವಂಥ ಮರವೇ ಇರಲಿಲ್ಲ. 1867ರಲ್ಲಿ ಸಿಟಿ ಡಿಚ್ ಎಂಬ ಕಾಲುವೆ ಬಂದ ಮೇಲೆ ಬೀದಿಗಳಿಗೆ ನೆರಳು ಬಂತು. ಇವತ್ತಿಗೂ ಆ ನಗರದ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ, ಪರ್ವತದ ಆಚೆ ಬದಿಯ ಕೊಲರಾಡೊ ನದಿ ಸೀಮೆಯಿಂದ ಸುರಂಗಗಳಲ್ಲಿ ಹರಿದು ಬರುತ್ತದೆ. ಅಲ್ಲಿನ ಅಂಗಳದ ಮೇಪಲ್, ಆ್ಯಶ್ ಮರಗಳನ್ನು ಪ್ರಕೃತಿಯ ಕೊಡುಗೆ ಎನ್ನುವುದು ಭಕ್ತಿಯ ಮಾತಾದೀತು, ವಾಸ್ತವವಲ್ಲ. ಅವು ಮನೆಯವರು ಕರೆತಂದು ಇಟ್ಟುಕೊಂಡ ಆಶ್ರಿತರು.

ಆಶ್ರಿತರ ವಿಷಯದಲ್ಲಿ ಹಿಂಸೆ ಎಂದರೇನು? ಇದಕ್ಕೆ ಜೈನ ಚಿಂತನೆಯಷ್ಟು ನಿಖರವಾದ ಉತ್ತರ ಬೇರೆಲ್ಲೂ ಸಿಗುವುದು ಕಷ್ಟ. ಮರವನ್ನು ಅದು ಏಕೇಂದ್ರಿಯ ಜೀವವೆಂದು ಒಪ್ಪುತ್ತದೆ. ಮರ ಜಡವಸ್ತು ಎಂಬ ಸುಲಭದ ದಾರಿ ಅಲ್ಲಿಲ್ಲ. ಆದರೂ ಗೃಹಸ್ಥನಿಗೂ ಮುನಿಗೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕ, ಅಂದರೆ ಗೃಹಸ್ಥ, ಪೂರ್ತಿ ಬಿಡಬೇಕು. ಅಡುಗೆ, ಮನೆ ಕಟ್ಟುವಿಕೆ ಮೊದಲಾದವುಗಳಲ್ಲಿ ಆಗುವ ಆರಂಭೀ ಹಿಂಸೆಯನ್ನು ಆದಷ್ಟು ತಗ್ಗಿಸಬೇಕು. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಇಟ್ಟಿದೆ. ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ನಿಲುವು ಇನ್ನೂ ಕಟು: ಎಚ್ಚರವಿಲ್ಲದೆ ನಡೆಯುವವನಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆಯುವವನಿಗೆ ಜೀವ ಹೋದ ಮಾತ್ರಕ್ಕೆ ಬಂಧನವಿಲ್ಲ. ಇದು ಮುನಿಗಳ ನಡೆಯನ್ನು ಕುರಿತ ಮಾತು, ಇದರ ಉತ್ತರಾರ್ಧವನ್ನು ಗೃಹಸ್ಥ ತನಗೆ ಬೇಕಾದಂತೆ ಎಳೆದುಕೊಳ್ಳುವಂತಿಲ್ಲ. ಪೂರ್ವಾರ್ಧ ಮಾತ್ರ ಎಲ್ಲರ ಅಂಗಳಕ್ಕೂ ಸಲ್ಲುತ್ತದೆ.

ಸಲ್ಲುವ ಬಗೆಯನ್ನು ಡೆನ್ವರ್‌ನ ಚಳಿಗಾಲವೇ ತೋರಿಸುತ್ತದೆ. ಎಲೆ ಉದುರಿ ಮರ ಮಲಗಿತೆಂದು ಅಕ್ಟೋಬರ್‌ನಲ್ಲಿ ಪೈಪು ಸುತ್ತಿಟ್ಟರೆ ಕೆಲಸ ಮುಗಿಯಿತೆಂದೇ ಬಹಳ ಜನರ ಭಾವನೆ. ಆದರೆ ಅಲ್ಲಿ ವಾರಗಟ್ಟಲೆ ಹಿಮ ಬೀಳದೆ, ಬಿಸಿಲೂ ಒಣಗಾಳಿಯೂ ಮಣ್ಣಿನ ಪಸೆ ಹೀರುತ್ತವೆ. ಬೇರು ಸಾಯುತ್ತದೆ. ಮರ ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ಕೂಡಿಟ್ಟ ಆಹಾರದ ಬಲದಿಂದ ಎಂದಿನಂತೆ ಚಿಗುರುತ್ತದೆ. ಬೇಸಿಗೆಯಲ್ಲಿ ಕೊಂಬೆ ಒಣಗತೊಡಗಿದಾಗ ಮನೆಯವರು ಬಿಸಿಲನ್ನೋ ಹುಳುವನ್ನೋ ದೂರುತ್ತಾರೆ. ಅಲ್ಲಿನ ಕೃಷಿ ವಿಸ್ತರಣಾ ಸೇವೆಯ ಸಲಹೆ ಸರಳ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಿಮವಿಲ್ಲದ ದಿನ, ತಾಪ 4 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ತಿಂಗಳಿಗೆ ಒಂದೆರಡು ಸಲ ನಡುಹಗಲಲ್ಲಿ ನೀರು ಬಿಡಿ, ಕಾಂಡದ ಅಡ್ಡಳತೆಯ ಪ್ರತಿ ಅಂಗುಲಕ್ಕೆ ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರ್. ಇಷ್ಟು ಮಾಡದವನ ಕೈಯಲ್ಲಿ ಕೊಡಲಿಯಿಲ್ಲ, ಗರಗಸವಿಲ್ಲ, ಮನಸ್ಸಿನಲ್ಲಿ ದ್ವೇಷವೂ ಇಲ್ಲ. ಆದರೂ ಮರ ಸಾಯುತ್ತದೆ. ಪ್ರಮಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ.

ಅಕ್ಕರೆಯ ಹೆಸರಿನಲ್ಲಿ ನಡೆಯುವ ಹಿಂಸೆಯೂ ಇದೆ. ಮರ ಎತ್ತರವಾಯಿತೆಂದು ಹೆದರಿ ತಲೆಯನ್ನೇ ಸವರಿಸುವವರು, ಬುಡ ಕಡಿಸಲಿಲ್ಲವಲ್ಲ ಎಂದು ನೆಮ್ಮದಿಯಾಗಿರುತ್ತಾರೆ. ಮರದ ಗಾಯಗಳನ್ನು ಜೀವಮಾನವಿಡೀ ಅಭ್ಯಸಿಸಿದ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ತೋರಿಸಿಕೊಟ್ಟಂತೆ, ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ, ಅದನ್ನು ಹಾಗೇ ಬಿಟ್ಟು, ಹೊರಗೆ ಹೊಸ ಮರ ಬೆಳೆಸಿಕೊಳ್ಳುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬನ್ನು ಉಳಿಸಿ ಕತ್ತರಿಸಿದರೆ ಆ ಗೋಡೆ ಏಳುತ್ತದೆ; ತಲೆ ಬೋಳಿಸಿದರೆ ಕೊಳೆ ಕೆಳಗಿಳಿಯುತ್ತದೆ, ಮೇಲೆ ಒತ್ತಾಗಿ ಚಿಗುರಿದ ಸಡಿಲ ಕೊಂಬೆಗಳು ಮುಂದೆ ಒದ್ದೆ ಹಿಮದ ಭಾರಕ್ಕೆ ಮುರಿದು ಬೀಳುತ್ತವೆ. ಕೊಲ್ಲಲಿಲ್ಲ ಎಂಬ ಸಮಾಧಾನಕ್ಕೆ ಮರ ತೆರುವ ಬೆಲೆ ಇದು.

ಇನ್ನು ಕಡಿಯುವ ಮಾತು. ಉತ್ತರ ಅಮೆರಿಕದಲ್ಲಿ 2002ರಲ್ಲಿ ಮಿಶಿಗನ್‌ನಲ್ಲಿ ಮೊದಲು ಗುರುತಿಸಲಾದ, ಪೂರ್ವ ಏಷ್ಯಾದಿಂದ ಬಂದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ 2013ರಲ್ಲಿ ಡೆನ್ವರ್ ಸಮೀಪದ ಬೋಲ್ಡರ್‌ನಲ್ಲಿ ಕಾಣಿಸಿಕೊಂಡಿತು. ಅದರ ಮರಿಹುಳು ತೊಗಟೆಯ ಕೆಳಗೆ ಸುರಂಗ ಕೊರೆದು ಆ್ಯಶ್ ಮರದ ಆಹಾರದ ದಾರಿಯನ್ನು ಕತ್ತರಿಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕಾಂಡಕ್ಕೆ ಕೀಟನಾಶಕದ ಇಂಜೆಕ್ಷನ್ ಕೊಡಿಸುತ್ತಿದ್ದರೆ ಮರ ಉಳಿಯುತ್ತದೆ, ಆದರೆ ಆ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. ನೆತ್ತಿಯ ದೊಡ್ಡ ಪಾಲು ಒಣಗಿದ ಮೇಲೆ ಅದೂ ನಾಟುವುದಿಲ್ಲ. ಸತ್ತ ಆ್ಯಶ್ ಬೇಗ ಪೆಡಸಾಗಿ, ಕೊನೆಗೆ ಹತ್ತಿ ಕಡಿಯುವ ಕೆಲಸಗಾರನ ಜೀವಕ್ಕೇ ಅಪಾಯ. ಪಾಪಭೀತಿಯಿಂದ ಮನೆಯವರು ನಾಲ್ಕು ವರ್ಷ ಮುಂದೂಡಿದರೆ ಆ ಪುಣ್ಯದ ಖರ್ಚು ಬೀಳುವುದು ಬೇರೆಯವರ ಮೇಲೆ. ಇಲ್ಲಿ ಸಕಾಲಕ್ಕೆ ಕಡಿಸುವುದು ಆರೈಕೆಯ ಕೊನೆಯ ಕಂತು ಎನ್ನಲು ನನಗೆ ಅಳುಕಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಅನ್ನ ಹಾಕಿದವನಿಗೆ ಕೊಲ್ಲುವ ಹಕ್ಕು ಬರುತ್ತದೆಯೇ? ಮರ ಆಶ್ರಿತವೆಂದ ಮಾತ್ರಕ್ಕೆ ಅದರ ಬಾಳು ಮನೆಯವರ ಸ್ವತ್ತಾಗದು. ಬೌದ್ಧರ ವಿನಯಪಿಟಕದ ಕಥೆಯಲ್ಲಿ ಆಳವಿಯ ಭಿಕ್ಷು ಮರ ಕಡಿದಾಗ ದೂರು ಹೇಳಿದ್ದು ಅದರಲ್ಲಿ ನೆಲೆಸಿದ್ದ ದೇವತೆ; ಬುದ್ಧ ಭಿಕ್ಷುಗಳಿಗೆ ಮರ ಕಡಿಯುವುದನ್ನೇ ನಿಷೇಧಿಸಿದ. ದೇವತೆಯನ್ನು ನಂಬದವರೂ ಗೂಡು ಕಟ್ಟಿದ ಹಕ್ಕಿಯನ್ನು, ನೆರಳಲ್ಲಿ ನಡೆಯುವ ದಾರಿಹೋಕನನ್ನು ಆ ಜಾಗದಲ್ಲಿ ಕಾಣಬಹುದು. ಆಕ್ಷೇಪ ನಿಜ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು: ಆಶ್ರಯ ಕೊಟ್ಟದ್ದರಿಂದ ಹುಟ್ಟುವುದು ಹೊಣೆ, ಹಕ್ಕಲ್ಲ. ಡೆನ್ವರ್‌ನ ಕಾನೂನು ಇದನ್ನು ಚೆನ್ನಾಗಿ ಹಿಡಿದಿದೆ. ಮನೆಯೆದುರಿನ ಕಾಲುದಾರಿಗೂ ರಸ್ತೆಗೂ ನಡುವಿನ ಮರ ಸಾರ್ವಜನಿಕ ಜಾಗದ್ದು. ಅದನ್ನು ನೋಡಿಕೊಳ್ಳುವ ಹೊಣೆ ಮನೆಯವರದು, ತೆಗೆಸಬೇಕಾದರೆ ನಗರದ ಅರಣ್ಯಾಧಿಕಾರಿಯ ಪರವಾನಗಿ ಬೇಕು. ಒಳಅಂಗಳದ ಮರಕ್ಕೆ ಅಂಥ ಅಧಿಕಾರಿ ಇರದಿದ್ದರೂ ಅದೇ ಶಿಸ್ತನ್ನು ತಾನೇ ಹಾಕಿಕೊಳ್ಳುವವನು ಮಾತ್ರ ಇದು ಆರೈಕೆ ಎಂದು ಹೇಳಬಲ್ಲ. ಎಲೆ ಗುಡಿಸುವ ಬೇಸರಕ್ಕೋ ನೋಟಕ್ಕೆ ಅಡ್ಡವಾಯಿತೆಂದೋ ಕಡಿಸಿದರೆ ಅದು ನೇರವಾಗಿ ಸಂಕಲ್ಪೀ ಹಿಂಸೆ. ಬೆಂಕಿಯ ಭಯ ಬೇರೆ ಮಾತು: 2021ರ ಡಿಸೆಂಬರ್ 30ರಂದು ಗಾಳಿಯ ರಭಸಕ್ಕೆ ಹಬ್ಬಿದ ಮಾರ್ಷಲ್ ಬೆಂಕಿ ಬೋಲ್ಡರ್ ಕೌಂಟಿಯಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು, ಅಂಥ ಬೆಂಕಿಗೆ ಹೆದರಿ ಗೋಡೆಗೆ ತಾಗಿದ ಜುನಿಪರ್ ಪೊದೆಯನ್ನು ತೆಗೆಸುವವರನ್ನು ಯಾವ ಧರ್ಮವೂ ದೂರಲಾರದು.

ನೀರೇ ಇಲ್ಲದ ನಾಡಿನಲ್ಲಿ ಮರ ನೆಡುವುದೇ ತಪ್ಪಲ್ಲವೇ ಎಂದು ಕೇಳುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇರೆ ಸೀಮೆಯ ನೀರು ಕುಡಿದು ಬೆಳೆಯುವ ಮರದ ನೆರಳು ಪುಕ್ಕಟೆಯಲ್ಲ. ಹಾಗೆಂದು, ಆಗಲೇ ನೆಟ್ಟದ್ದನ್ನು ಒಣಗಲು ಬಿಟ್ಟು ನೀರು ಉಳಿಸಿದೆನೆನ್ನುವುದು ಮಾತಿಗೆ ತಪ್ಪಿದವನ ಲೆಕ್ಕಾಚಾರ. ಇನ್ನೂ ನೆಡದವರಿಗೆ ಮಾತ್ರ ಆ ಪ್ರಶ್ನೆ ಸಲ್ಲುತ್ತದೆ. ಜನವರಿಯ ಮಧ್ಯಾಹ್ನ ಪೈಪು ಬಿಡಿಸಲು ಮನಸ್ಸಿಲ್ಲದವರು ಅಲ್ಲಿ ಮರ ನೆಡದಿರುವುದೇ ಮೇಲು. ಅಂಥವರ ಅಂಗಳಕ್ಕೆ ಆ ಬಯಲಿನ ಮೂಲನಿವಾಸಿ ಬ್ಲೂ ಗ್ರಾಮಾ ಹುಲ್ಲು ಸಾಕು.