ಒಪ್ಪಿಗೆ ಯಾರದ್ದು?

ಸುರತ್ಕಲ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗನಿಗೆ 14 ವರ್ಷ. ಶಾಲೆಗೆ ಹೋಗೋದಿಲ್ಲ. 1834ರಲ್ಲಿ ಬಾಸೆಲ್ ಮಿಷನ್ ಬಂದು ಆಮೇಲೆ ಶಾಲೆಗಳನ್ನು ಕಟ್ಟಿದ ಸೀಮೆ ಇದು, ಶಾಲೆಗೇನೂ ಬರವಿಲ್ಲ. ಆದರೂ ಅಪ್ಪ ಅಮ್ಮ ಮನೆಯಲ್ಲೇ ಕಲಿಸ್ತಾರೆ. ಹತ್ತನೆಯದ್ದು ಎನ್‌ಐಒಎಸ್ ಮೂಲಕ. ಬೆಳಿಗ್ಗೆ ಮೊದಲು ಬೈಬಲ್, ಆಮೇಲೆ ಗಣಿತ.

ನನಗಿದು ಸರಿ ಕಾಣಲಿಲ್ಲ. ಸಂವಿಧಾನದ 28ನೇ ವಿಧಿ ಪ್ರಕಾರ ಅನುದಾನಿತ ಶಾಲೆಯಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧನೆಗೆ ಕೂರಿಸುವಂತಿಲ್ಲ. ಮಕ್ಕಳಾದರೆ ಒಪ್ಪಿಗೆ ಪೋಷಕರದ್ದು. ಮನೆಯೇ ಶಾಲೆಯಾದಾಗ ಕಲಿಸುವವರೂ ಒಪ್ಪುವವರೂ ಒಬ್ಬರೇ ಅಲ್ವಾ?

ಹಾಗಂತ ನನ್ನನ್ನು ಯಾರು ಕೇಳಿದ್ದರು? ಊರಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಭಜನೆಗೆ ಕೂರಲೇಬೇಕಿತ್ತು. ರಾಮ ಸೀತೆಯನ್ನು ಕಾಡಿಗೆ ಕಳಿಸಿದ್ದು ಸರಿಯಾ ಅಂತ ಒಮ್ಮೆ ಕೇಳಿದೆ. 'ಹಾಗೆಲ್ಲ ಕೇಳ್ಬಾರ್ದು' ಅಂದರು ಅಜ್ಜ. ಕೇಳೋದು ಬಿಟ್ಟೆ. ಹಾಸ್ಟೆಲ್ ಸೇರಿದ ಮೇಲೆ ಭಜನೆಯನ್ನೂ.

ಮೊನ್ನೆ ಶನಿವಾರ ಅವರಲ್ಲಿ ಚಾ ಕುಡೀತಿದ್ದೆ. ಆದಿಕಾಂಡದ 22ನೇ ಅಧ್ಯಾಯ ನಡೀತಿತ್ತು, ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಹೊರಡುವ ಕಥೆ. ಹುಡುಗ ಪುಟ ಹಿಂದೆ ತಿರುವಿದ. 'ಪಪ್ಪಾ, 18ರಲ್ಲಿ ಸೊದೋಮ್ ಊರು ಉಳಿಸ್ಲಿಕ್ಕೆ ದೇವರ ಹತ್ರ 50 ನೀತಿವಂತರಿಂದ 10ಕ್ಕೆ ಇಳಿಸಿ ಚೌಕಾಸಿ ಮಾಡ್ತಾನೆ. ಸ್ವಂತ ಮಗನಿಗೋಸ್ಕರ ಒಂದು ಮಾತೂ ಯಾಕೆ ಆಡುದಿಲ್ಲ?'

ನಾನು ಅಪ್ಪನ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿದರು. 'ನಂಗೂ ಗೊತ್ತಿಲ್ಲ ಮಗಾ. ನಂಗೂ ಅಲ್ಲೇ ಸಂಕಟ ಆಗುದು.' ದೇವರ ಜೊತೆ ವಾದಕ್ಕಿಳಿದ ಯೋಬನ ಪುಸ್ತಕ ನಾಳೆ ಓದುವಾ ಅಂದರು. ಇವತ್ತೇ ಓದುವಾ ಅಂದ ಹುಡುಗ. ಗಣಿತ ಶುರುವಾಗುವಾಗ ಗಂಟೆ ಹನ್ನೊಂದು.