ತಂಡದಷ್ಟೇ ಎತ್ತರ

2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಫುಟ್‌ಬಾಲ್ ಕ್ಲಬ್ ಭಾರತದ ಸುನಿಲ್ ಚೆಟ್ರಿ ಅವರನ್ನು ಕರೆದಿತ್ತು. ಒಪ್ಪಂದವೂ ಆಗಿತ್ತು. ಬ್ರಿಟನ್ನಿನ ವರ್ಕ್ ಪರ್ಮಿಟ್ ಮಾತ್ರ ಬರಲಿಲ್ಲ. ಆಟಗಾರನ ದೇಶ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇರಬೇಕೆಂಬುದು ಆಗ ಅಲ್ಲಿನ ನಿಯಮ. ಭಾರತ ನೂರರಾಚೆ ಎಲ್ಲೋ ಇತ್ತು. ಇಪ್ಪತ್ತೈದರ ಆ ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬುದನ್ನು ಕ್ಲಬ್‌ನವರು ನೋಡಿ ಮೆಚ್ಚಿದ್ದರು. ಪರ್ಮಿಟ್ ಕೊಡುವವರ ಮೇಜಿನ ಮೇಲೆ ಆ ಮೆಚ್ಚುಗೆಗೆ ಬೆಲೆಯಿರಲಿಲ್ಲ.

ಪ್ರತಿಭೆ ಮತ್ತು ಛಲ ಇದ್ದರೆ ಯಾರೂ ತಡೆಯಲಾರರು ಎಂದು ಮಕ್ಕಳಿಗೆ ಹೇಳುತ್ತೇವೆ. ಶಾಲಾ ವಾರ್ಷಿಕೋತ್ಸವದ ಭಾಷಣಗಳು ನಡೆಯುವುದೇ ಈ ಮಾತಿನ ಮೇಲೆ. ಚೆಸ್‌ನಲ್ಲಿ ಅದು ಸರಿಯಿರಬಹುದು. ಚೆನ್ನೈನ ವಿಶ್ವನಾಥನ್ ಆನಂದ್ ಜಗತ್ತನ್ನು ಗೆಲ್ಲಲು ಉಳಿದ ಭಾರತೀಯರು ಹೇಗೆ ಆಡುತ್ತಾರೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಉಳಿದ ಹತ್ತು ಮಂದಿ, ಅವರ ಹಿಂದಿನ ಕೋಚ್‌ಗಳು, ಊರೂರಿನ ಮೈದಾನಗಳು, ಇಲ್ಲದ ಮೈದಾನಗಳು ಎಲ್ಲ ಸೇರಿ ಒಬ್ಬ ಆಟಗಾರ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮೊದಲೇ ನಿಗದಿ ಮಾಡಿಬಿಟ್ಟಿರುತ್ತವೆ. ಚೆಟ್ರಿ ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಅವರ ಗೋಲುಗಳಿಗಿಂತ ಮೊದಲು ನೆನಪಾಗುವುದು ಆ 70ರ ಗೆರೆ.

ಅವರು ಸುಮ್ಮನಾಗಲಿಲ್ಲ. 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ ತಂಡಕ್ಕೆ ಹೋದರು. ಹೆಚ್ಚಿನ ಕಾಲ ಬೆಂಚ್ ಮೇಲೆ ಕಳೆಯಿತು. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಸೇರಿದರು. ಬಿ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳು ಸಿಕ್ಕವು. ಮರುವರ್ಷ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದು ಆ ತಂಡದ ಜೊತೆ ಆಗಿನ ದೇಶದ ಅಗ್ರ ಟೂರ್ನಿ ಐ-ಲೀಗ್ ಗೆದ್ದರು. ಸ್ಪೋರ್ಟಿಂಗ್‌ನ ಮೊದಲ ತಂಡಕ್ಕೆ ತಾನು ಸಾಲುತ್ತಿರಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು. ಆಯ್ಕೆಗಾರರನ್ನೋ ರೆಫರಿಯನ್ನೋ ದೂರುವುದು ರೂಢಿಯಾಗಿರುವ ನಮ್ಮ ಕ್ರೀಡಾಲೋಕದಲ್ಲಿ ಇಂಥ ಮಾತು ಅಪರೂಪ.

ಆಮೇಲೆ ಬಂದದ್ದು ಬೆಂಗಳೂರು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಚೆಟ್ರಿ ಅವರಿಗೆ ಸುಮಾರು ಇಪ್ಪತ್ತೊಂಬತ್ತು. ಕ್ಲಬ್ ಹೊಸದಾದರೂ ಊರಿಗೆ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್‌ಗಳ ಓಣಿಗಳಲ್ಲಿ ಕ್ರಿಕೆಟ್ ಬ್ಯಾಟಿಗಿಂತ ಮೊದಲು ಚೆಂಡು ಕಾಲಿಗೆ ಸಿಕ್ಕ ತಲೆಮಾರುಗಳು ಬೆಳೆದಿವೆ. ಈ ಚರಿತ್ರೆಯನ್ನು ಬೆಂಗಳೂರಿನವರೇ ಮರೆತಿದ್ದಾರೆ, ಅದು ಬೇರೆ ಮಾತು.

ಹೊಸ ಕ್ಲಬ್‌ನ ಇಂಗ್ಲಿಷ್ ಕೋಚ್ ಆಶ್ಲೆ ವೆಸ್ಟ್‌ವುಡ್ ಊಟದಿಂದ ಹಿಡಿದು ಎಲ್ಲದಕ್ಕೂ ಲೆಕ್ಕ ಇಟ್ಟವರು. ಎಣ್ಣೆ, ಸಿಹಿ ದೂರವಾದವು. ತಂಡದ ಅತಿ ಹೆಸರುವಾಸಿ ಆಟಗಾರನೇ ಮೊದಲು ಆ ಶಿಸ್ತಿಗೆ ಒಗ್ಗಿಕೊಂಡರೆ ಹತ್ತೊಂಬತ್ತರ ಹುಡುಗ ಬಿರಿಯಾನಿ ಕೇಳುವುದು ಹೇಗೆ? ತಂಡ ಕಟ್ಟುವುದು ಎಂದರೆ ಡ್ರೆಸ್ಸಿಂಗ್ ರೂಮಿನ ವೀರಾವೇಶದ ಮಾತು ಎಂದುಕೊಂಡವರು ಇದನ್ನು ಗಮನಿಸಬೇಕು. ಮೊದಲ ವರ್ಷವೇ ಬೆಂಗಳೂರು ಐ-ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹರ್ ದಾರುಲ್ ತಾಜಿಮ್. ಮೊದಲು ಗೋಲು ಬಿಟ್ಟುಕೊಟ್ಟ ಬೆಂಗಳೂರು 3-1ರಿಂದ ಗೆದ್ದಿತು. ಎರಡು ಗೋಲು ಚೆಟ್ರಿ ಅವರದು, ಮೂರನೆಯದು ಸ್ಪೇನ್‌ನ ಡಿಫೆಂಡರ್ ಹುವಾನನ್‌ ಅವರದು. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ಮುಟ್ಟಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತರು.

2018ರ ಮಾರ್ಚ್‌ನಲ್ಲಿ ಇನ್ನೊಂದು ಪೆಟ್ಟು. ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಕಾಲಿಟ್ಟ ಮೊದಲ ವರ್ಷವೇ ಲೀಗ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ ತಂಡ, ತವರಿನ ಪ್ರೇಕ್ಷಕರ ಮುಂದೆ, ಚೆಟ್ರಿ ಅವರೇ ಮೊದಲ ಗೋಲು ಹೊಡೆದ ಮೇಲೂ, ಚೆನ್ನೈಯಿನ್ ಎದುರು 2-3ರಿಂದ ಫೈನಲ್ ಕಳೆದುಕೊಂಡಿತು. ಚೆನ್ನೈನ ಮೊದಲೆರಡು ಗೋಲು ಕಾರ್ನರ್‌ಗಳಿಂದ ಬಂದವು. ಮರುವರ್ಷ ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. ಬೆಂಗಳೂರಿಗೆ ಒಂದು ಕಾರ್ನರ್ ಸಿಕ್ಕಿತು, ಡಿಫೆಂಡರ್ ರಾಹುಲ್ ಭೇಕೆ ತಲೆಕೊಟ್ಟರು, ಕಪ್ ಬಂತು. ನಾಯಕ ಚೆಟ್ರಿ ಅಂದು ಗೋಲು ಹೊಡೆಯಲಿಲ್ಲ, ಅದರ ಗೊಡವೆ ಯಾರಿಗೂ ಇರಲಿಲ್ಲ.

ಇನ್ನು ದೇಶದ ತಂಡ. 2018ರ ಜೂನ್ 1ರಂದು ಮುಂಬೈನಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5-0ರಿಂದ ಗೆದ್ದಾಗ ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು; ನೋಡಲು ಬಂದವರು 2,569 ಮಂದಿ. ಮರುದಿನ ಅವರು ಫೋನ್ ಹಿಡಿದು ಒಂದು ವಿಡಿಯೊ ಹಾಕಿದರು. ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದರು. ಯುರೋಪಿನ ಕ್ಲಬ್‌ಗಳ ಅಭಿಮಾನಿಗಳಿಗೆ, ನಮ್ಮ ಮಟ್ಟ ಅದರ ಹತ್ತಿರಕ್ಕೂ ಇಲ್ಲ, ಒಪ್ಪಿದೆ, ಆದರೂ ಬನ್ನಿ ಎಂದು ಕೈಮುಗಿದರು. ಜೂನ್ 4ರಂದು ಕೀನ್ಯಾ ಎದುರಿನ ಪಂದ್ಯದ ಟಿಕೆಟ್‌ಗಳೆಲ್ಲ ಖಾಲಿ. ಅವರ ನೂರನೇ ಪಂದ್ಯ, ಸುರಿಯುವ ಮಳೆ, ಎರಡು ಗೋಲು. ತಂಡದ ನಾಯಕ ಜನರ ಬಳಿ ಬೇಡಿಕೊಳ್ಳಬೇಕಾಯಿತಲ್ಲ ಎಂದು ಆಗ ಕೆಲವರು ನೊಂದುಕೊಂಡರು. ನನಗೆ ಅದರಲ್ಲಿ ಕೀಳರಿಮೆ ಕಾಣಲಿಲ್ಲ. ಗ್ಯಾಲರಿಯೂ ತಂಡದ ಭಾಗವೇ, ಅಲ್ಲಿ ಆಳಿಲ್ಲದಿದ್ದರೆ ಅದನ್ನೂ ತುಂಬಿಸಬೇಕು ಎಂದು ಬಗೆದ ನಾಯಕನ ಕೆಲಸ ಅದು.

2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ನಿವೃತ್ತರಾದಾಗ ಅವರ ಅಂತರರಾಷ್ಟ್ರೀಯ ಗೋಲುಗಳು 94. ಆಗ ಪಟ್ಟಿಯಲ್ಲಿ ಅವರಿಗಿಂತ ಮೇಲಿದ್ದವರು ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಮಾತ್ರ. ಈ ಹೋಲಿಕೆಯನ್ನು ಪತ್ರಿಕೆಗಳು ಮನಸಾರೆ ಹಿಗ್ಗಿಸಿದವು. ನನಗೆ ಅದು ಅಷ್ಟು ರುಚಿಸುವುದಿಲ್ಲ; ನೇಪಾಳ, ಮಾಲ್ಡೀವ್ಸ್ ಎದುರಿನ ಗೋಲನ್ನು ಜರ್ಮನಿ ಎದುರಿನದರ ಜೊತೆ ತೂಗಲಾಗದು. ಅದಕ್ಕಿಂತ ಗುವಾಹಟಿಯ ಆ ಸಂಜೆ ಹೆಚ್ಚು ನಿಜ ಹೇಳುತ್ತದೆ. 2024ರ ಮಾರ್ಚ್, ಅವರ 150ನೇ ಪಂದ್ಯ. ಸನ್ಮಾನ ಆಯಿತು, ಪೆನಾಲ್ಟಿಯಲ್ಲಿ ಗೋಲೂ ಬಂತು. ಕೊನೆಗೆ ಭಾರತ ಅಫ್ಗಾನಿಸ್ತಾನದ ಎದುರು 1-2ರಿಂದ ಸೋತಿತು. ವಿಶ್ವಕಪ್ ಅರ್ಹತಾ ಟೂರ್ನಿಯ ಮೂರನೇ ಸುತ್ತು ಭಾರತಕ್ಕೆ ಅವರ ಕಾಲದಲ್ಲೂ ದಕ್ಕಲಿಲ್ಲ.

ನಿವೃತ್ತಿ ಒಂದು ವರ್ಷವೂ ನಿಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಕೋಚ್ ಮನೋಲೊ ಮಾರ್ಕೆಜ್ ಅವರನ್ನು ವಾಪಸ್ ಕರೆಸಿದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ, ನಲವತ್ತು ದಾಟಿದ ಮೇಲೆ, 95ನೇ ಗೋಲು. ಆ ಐಎಸ್‌ಎಲ್ ಸೀಸನ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದಿದ್ದವರೂ ಅವರೇ. ಇದನ್ನೆಲ್ಲ ಅವರ ಹಿರಿಮೆ ಎಂದು ಬರೆದವರೇ ಹೆಚ್ಚು. ಓದುತ್ತ ಓದುತ್ತ ನನಗೆ ಅದು ಉಳಿದವರ ಮೇಲಿನ ದೂರಿನಂತೆ ಕೇಳಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರ ಎದುರು 1-2ರಿಂದ ಸೋತು ಭಾರತ 2027ರ ಏಷ್ಯಾ ಕಪ್ಪಿನಿಂದಲೂ ಹೊರಬಿತ್ತು.

ನಮ್ಮ ಕ್ಲಬ್‌ಗಳು ಸ್ಟ್ರೈಕರ್ ಹುಡುಕುವಾಗ ಮೊದಲು ಕಣ್ಣು ಹಾಯಿಸುವುದು ಸ್ಪೇನ್, ಬ್ರೆಜಿಲ್, ಆಸ್ಟ್ರೇಲಿಯಾಗಳ ಕಡೆಗೆ. ನಾಲ್ಕು ಸೋಲಿಗೆ ಕೆಲಸ ಹೋಗುವ ಕೋಚ್‌ನನ್ನು ಅದಕ್ಕಾಗಿ ದೂರಿ ಪ್ರಯೋಜನವಿಲ್ಲ. ಹೀಗಿರುವಾಗ ಇಪ್ಪತ್ತರ ಭಾರತೀಯ ಫಾರ್ವರ್ಡ್ ಒಬ್ಬನಿಗೆ ವಾರವಾರವೂ ತೊಂಬತ್ತು ನಿಮಿಷ ಆಡಲು ಎಲ್ಲಿ ಸಿಗಬೇಕು ಎಂಬ ಪ್ರಶ್ನೆಗೆ ಫೆಡರೇಷನ್ನಿನ ಬಳಿಯೂ ಉತ್ತರ ಇದ್ದಂತಿಲ್ಲ.