ಓಟಕ್ಕೆ ಯಾವ ವಾಚು?

ಹೊಸದಾಗಿ ಓಡಲು ಶುರು ಮಾಡಿದವರು ಮೊದಲು ಕೇಳುವುದು ಶೂ ಬಗ್ಗೆ. ಶೂ ಬಂದ ಮರುವಾರವೇ ವಾಚಿನ ಮಾತು ಶುರುವಾಗುತ್ತದೆ. ಶಿವಮೊಗ್ಗದಲ್ಲಿರುವ ಅಣ್ಣನ ಮಗಳದ್ದೂ ಅದೇ ಕ್ರಮ. ‘ಚಿಕ್ಕಪ್ಪ, ಎರಡು ಸಾವಿರದ ಬ್ಯಾಂಡ್ ಸಾಕಾ, ಇಪ್ಪತ್ತೈದು ಸಾವಿರದ ಜಿಪಿಎಸ್ ವಾಚೇ ಬೇಕಾ?’ ಎಂದು ಫೋನ್ ಮಾಡಿದಳು. ಈಗ ಎಷ್ಟು ದೂರ ಓಡ್ತೀಯಮ್ಮ ಅಂದೆ. ‘ಎರಡು ಕಿಲೋಮೀಟರ್ ಇರಬಹುದು. ಸರಿಯಾಗಿ ಗೊತ್ತಿಲ್ಲ, ಅದಕ್ಕೇ ಅಲ್ವಾ ವಾಚು?’ ಎಷ್ಟು ಹೊತ್ತು ಓಡ್ತೀಯ ಎಂದರೆ ಅದಕ್ಕೂ ಉತ್ತರವಿರಲಿಲ್ಲ.

ನನ್ನ ಮಟ್ಟಿಗೆ ಮುಖ್ಯವಾದದ್ದು ಈ ಎರಡನೆಯ ಪ್ರಶ್ನೆಯೇ. ಮೊದಲ ಕೆಲವು ತಿಂಗಳು ಓಟಗಾರರಿಗೆ ಬೇಕಾದದ್ದು ಹೊತ್ತಿನ ಲೆಕ್ಕ, ದೂರದ್ದಲ್ಲ. ಕಾಲಿಗಾಗಲಿ ಎದೆಗಾಗಲಿ ಕಿಲೋಮೀಟರ್ ತಿಳಿಯುವುದಿಲ್ಲ, ಎಷ್ಟು ಹೊತ್ತಿನಿಂದ ದುಡಿಯುತ್ತಿದ್ದೇವೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ಜಾಷ್ ಕ್ಲಾರ್ಕ್ 1996ರಲ್ಲಿ ರೂಪಿಸಿದ ‘ಕೌಚ್ ಟು 5ಕೆ’ ಎಂಬ ಒಂಬತ್ತು ವಾರಗಳ ಪಾಠವನ್ನು ಇವತ್ತಿಗೂ ಎಷ್ಟೋ ಜನ ಅನುಸರಿಸುತ್ತಾರೆ. ಅದರ ಮೊದಲ ವಾರವನ್ನೇ ನೋಡಿ. ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ ಒಂದಾದ ಮೇಲೊಂದು 20 ನಿಮಿಷ. ವಾರಕ್ಕೆ ಮೂರು ದಿನ. ಆ ವಾರ ದೂರದ ಸುದ್ದಿಯೇ ಇಲ್ಲ. ಎರಡು ಕಿಲೋಮೀಟರ್ ಮುಗಿಸಲೇಬೇಕು ಎಂದು ಹೊರಟವರು ಬೇಗ ಮುಗಿಸುವ ಆಸೆಗೆ ಬಿದ್ದು ಜೋರಾಗಿ ಓಡುತ್ತಾರೆ. ಇಪ್ಪತ್ತು ನಿಮಿಷ ಎಂದು ಹೊರಟವರಿಗೆ ಜೋರಾಗಿ ಓಡಿ ಬರುವ ಲಾಭ ಏನೂ ಇಲ್ಲ, ಇಪ್ಪತ್ತು ನಿಮಿಷ ಇಪ್ಪತ್ತೇ. ಅವರ ಮೊಣಕಾಲು ಉಳಿಯುತ್ತದೆ.

ಸೆಕೆಂಡು ಎಣಿಸಲು ಎಂಥ ವಾಚಾದರೂ ಆದೀತು. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಕೀಲಿ ಕೊಡುವ ಕೈಗಡಿಯಾರ ಮನೆಯಲ್ಲಿ ಬಿದ್ದಿದ್ದರೆ, ಸೆಕೆಂಡಿನ ಮುಳ್ಳು ಓಡುತ್ತಿದ್ದರೆ ಅದೂ ಸಾಕು (ಬೆವರು ತಾಗಿಸುವುದಕ್ಕೆ ಮನಸ್ಸು ಬಾರದಿದ್ದರೆ ಅದು ಬೇರೆ ಮಾತು). ಹೊಸದೇ ಬೇಕೆನ್ನುವವರಿಗೆ ನಾನು ಹೇಳುವುದು ಕ್ಯಾಸಿಯೊದ ಎಫ್-91ಡಬ್ಲ್ಯು. 1989ರಲ್ಲಿ ಬಂದ ಮಾದರಿ, ಇನ್ನೂ ಮಾರುಕಟ್ಟೆಯಲ್ಲಿದೆ. ಬ್ಯಾಟರಿ ಸುಮಾರು ಏಳು ವರ್ಷ ಬರುತ್ತದೆ, ಚಾರ್ಜರ್ ಹುಡುಕುವ ಗೋಳಿಲ್ಲ. ಕೈಯಲ್ಲಿದೆ ಎಂಬುದೇ ಮರೆತುಹೋಗುವಷ್ಟು ಹಗುರ. ಅದರ ಸ್ಟಾಪ್‌ವಾಚ್ ಸೆಕೆಂಡಿನ ನೂರರಲ್ಲಿ ಒಂದು ಭಾಗವನ್ನೂ ತೋರಿಸುತ್ತದೆ. ಲಾಸ್ ಏಂಜಲೀಸ್‌ನಲ್ಲಿ 1984ರಲ್ಲಿ ಪಿ.ಟಿ. ಉಷಾ ಅವರ ಕೈಯಿಂದ ಒಲಿಂಪಿಕ್ ಕಂಚು ಜಾರಿದ್ದು ಅಷ್ಟೇ ಅಂತರದಲ್ಲಿ. ನಮ್ಮ ನಿಮ್ಮಂಥವರಿಗೆ ಅಷ್ಟು ಸೂಕ್ಷ್ಮ ಏಕೆ ಎನ್ನಬಹುದು, ಅದು ಪುಕ್ಕಟೆ ಸಿಕ್ಕಿದ್ದು ಎಂದುಕೊಳ್ಳಿ. ಈ ವಾಚಿಗೆ ಒಂದು ಮಿತಿಯಿದೆ. ಸ್ಟಾಪ್‌ವಾಚ್ 59 ನಿಮಿಷ 59 ಸೆಕೆಂಡ್ ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಒಂದೇ ಓಟದಲ್ಲಿ ಅದು ಸೊನ್ನೆಗೆ ತಿರುಗುವಷ್ಟು ಓಡಿದ ದಿನ ದೊಡ್ಡ ವಾಚಿನ ಮಾತು ಆಡೋಣ, ಅಲ್ಲಿಯವರೆಗೆ ಇಪ್ಪತ್ತೈದು ಸಾವಿರ ಬ್ಯಾಂಕಿನಲ್ಲಿರಲಿ ಎಂದು ಅವಳಿಗೆ ಹೇಳಿದೆ.

‘ಹಾಗಾದರೆ ದೂರ?’ ಎಂದಳು. ದೂರವನ್ನು ನೆಲವೇ ಹೇಳುತ್ತದೆ. ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕ್ ಒಂದು ಸುತ್ತಿಗೆ 400 ಮೀಟರ್. ಆದರೆ ಆ 400 ಸಿಗುವುದು ತೀರಾ ಒಳಗಿನ ಲೇನಿನಲ್ಲಿ ಮಾತ್ರ, ಅದೂ ಒಳ ಅಂಚಿನಿಂದ 30 ಸೆಂಟಿಮೀಟರ್ ಆಚೆಗೆ ಅಳೆದಾಗ. ಒಂದೊಂದು ಲೇನಿನ ಅಗಲ 1.22 ಮೀಟರ್ ಆದ್ದರಿಂದ ಹೊರಕ್ಕೆ ಸರಿದಂತೆಲ್ಲ ಸುತ್ತು ಸುಮಾರು ಏಳೂವರೆ ಮೀಟರಿನಷ್ಟು ಬೆಳೆಯುತ್ತಾ ಹೋಗುತ್ತದೆ. ಐದನೇ ಲೇನಿನಲ್ಲಿ ಸುತ್ತಿಗೆ 430 ಮೀಟರ್, ಎಂಟನೆಯದರಲ್ಲಿ 453. ಅಂದರೆ ಎಂಟನೇ ಲೇನಿನಲ್ಲಿ ಹತ್ತು ಸುತ್ತು ಹಾಕಿ ನಾಲ್ಕು ಕಿಲೋಮೀಟರ್ ಎಂದು ಬರೆದುಕೊಂಡವರು ಅರ್ಧ ಕಿಲೋಮೀಟರಿಗೂ ಹೆಚ್ಚು ಬಿಟ್ಟಿಯಾಗಿ ಓಡಿರುತ್ತಾರೆ. ಒಳಲೇನು ವೇಗವಾಗಿ ಓಡುವವರದ್ದು, ನಿಧಾನದವರು ಹೊರಗೆ ಸರಿಯಬೇಕು ಎಂಬ ಮರ್ಯಾದೆ ಇರುವುದರಿಂದ ಹೊಸಬರಿಗೆ ಈ ಲೆಕ್ಕ ನಿಜವಾಗಿಯೂ ಬೇಕಾಗುತ್ತದೆ. ಬೆಳಗಿನ ವಾಯುವಿಹಾರಕ್ಕೆ ಬಂದವರು ಒಂದನೇ ಲೇನಿನಲ್ಲೇ ನಾಲ್ಕು ಜನ ಸಾಲಾಗಿ ಹೊರಟು ಸೊಸೆಯ ಸುದ್ದಿ ಮಾತಾಡುವ ಊರುಗಳಲ್ಲಂತೂ ಬೇರೆ ದಾರಿಯಿಲ್ಲ. ಸುತ್ತು ಮರೆಯದಿರಲು ಹುಣಸೆ ಬೀಜವನ್ನು ಸುತ್ತಿಗೊಂದರಂತೆ ಬಲ ಜೇಬಿನಿಂದ ಎಡ ಜೇಬಿಗೆ ಹಾಕಿಕೊಂಡರಾಯಿತು.

ಕ್ರೀಡಾಂಗಣ ಇಲ್ಲದ ಊರಲ್ಲಿ ರಸ್ತೆಯ ಕಲ್ಲುಗಳಿವೆ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಇನ್ನೂರು ಮೀಟರಿಗೊಂದು ಗಿಡ್ಡ ಕಲ್ಲು ನೆಡಬೇಕೆಂಬ ಕ್ರಮವೂ ಇದೆ. ಈಗ ಎಷ್ಟೋ ಕಡೆ ಅವು ಪೊದೆಯಲ್ಲಿ ಮುಚ್ಚಿಹೋಗಿವೆ, ರಸ್ತೆ ಅಗಲ ಮಾಡುವಾಗ ಮಾಯವೂ ಆಗಿವೆ. ಹಳ್ಳಿಯ ಹಿರಿಯರು ಅದನ್ನು ಫರ್ಲಾಂಗ್ ಕಲ್ಲು ಎಂದೇ ಕರೆಯುತ್ತಾರೆ, ತಪ್ಪೇನೂ ಇಲ್ಲ. ಒಂದು ಫರ್ಲಾಂಗು ಎಂದರೆ 201 ಮೀಟರ್. ಲಾರಿ ಓಡಾಟ ಕಡಿಮೆಯಿರುವ ರಸ್ತೆಯಲ್ಲಿ ಈ ಕಲ್ಲುಗಳು ಉಳಿದಿದ್ದರೆ, ಒಂದು ಕಲ್ಲಿಂದ ಇನ್ನೊಂದಕ್ಕೆ ಓಟ, ಅಲ್ಲಿಂದ ಮುಂದಿನದಕ್ಕೆ ನಡಿಗೆ. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನು ಅಂಗಡಿಯ ಮಾತು. ಎರಡು ಸಾವಿರದ ಬ್ಯಾಂಡುಗಳ ಡಬ್ಬದ ಮೇಲೆ ಜಿಪಿಎಸ್ ಎಂದು ದಪ್ಪಕ್ಷರದಲ್ಲಿ ಇದ್ದರೂ ಅದರ ಪಕ್ಕದಲ್ಲಿ ‘ಕನೆಕ್ಟೆಡ್’ ಎಂಬ ಪದವೊಂದು ಸಣ್ಣಗೆ ಕೂತಿರುತ್ತದೆ. ಹಾಗಿದ್ದರೆ ಬ್ಯಾಂಡಿನೊಳಗೆ ಜಿಪಿಎಸ್ ಇಲ್ಲ, ನಿಮ್ಮ ಫೋನಿನದನ್ನು ಎರವಲು ಪಡೆಯುತ್ತದೆ ಎಂದು ಅರ್ಥ. ಫೋನು ಮನೆಯಲ್ಲಿ ಬಿಟ್ಟು ಓಡಿದರೆ ಅದು ಹೆಜ್ಜೆ ಎಣಿಸಿ, ಒಂದು ಹೆಜ್ಜೆಗೆ ಇಷ್ಟು ಎಂಬ ಅಂದಾಜಿನಿಂದ ಗುಣಿಸಿ ದೂರ ಹೇಳುತ್ತದೆ. ದಣಿದಾಗ ಹೆಜ್ಜೆ ಗಿಡ್ಡವಾಗುತ್ತದೆ, ಇಳಿಜಾರಿನಲ್ಲಿ ಉದ್ದವಾಗುತ್ತದೆ. ಗುಣಾಕಾರ ಮಾತ್ರ ಹಾಗೇ ಇರುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಈಗಿನ ಶಾಸ್ತ್ರವೂ ಹೀಗೆ ಹೆಜ್ಜೆ ಎಣಿಸುವ ಯಂತ್ರದಿಂದಲೇ ಬಂದದ್ದು. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಎಣಿಕೆ ಯಂತ್ರದ ಹೆಸರಿನಲ್ಲೇ ಆ ಹತ್ತು ಸಾವಿರ ಇತ್ತು. ವೈದ್ಯರು ಬರೆದುಕೊಟ್ಟ ಚೀಟಿ ಅದಲ್ಲ.

ನಿಜವಾದ ಜಿಪಿಎಸ್ ವಾಚೂ ದೂರವನ್ನು ನೇರವಾಗಿ ಅಳೆಯುವುದಿಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವುದು ಮುಖ್ಯವಾಗಿ ಸಮಯವನ್ನೇ. ‘ನಾನಿಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂಬ ಸುದ್ದಿ ಬೆಳಕಿನ ವೇಗದಲ್ಲಿ ಬರುತ್ತದೆ. ಬರಲು ಎಷ್ಟು ಹೊತ್ತಾಯಿತು ಎಂಬುದರಿಂದ ವಾಚು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ನೂರು ಕೋಟಿಯಲ್ಲಿ ಒಂದು ಭಾಗ ಸೆಕೆಂಡ್ ತಪ್ಪಿದರೆ 30 ಸೆಂಟಿಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ. ಜಿಪಿಎಸ್‌ನಂತೆಯೇ ಕೆಲಸ ಮಾಡುವ ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ. ಕೈಗಡಿಯಾರದಂಥ ಪುಟ್ಟ ಸಾಧನಗಳಿಗೂ ಒಗ್ಗುವ ಎಲ್1 ತರಂಗವನ್ನು ಅದಕ್ಕೆ ಜೋಡಿಸಿದ್ದು 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹ. ಅದರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿತ್ತು.

ಇಷ್ಟೆಲ್ಲ ಆದ ಮೇಲೂ ಕಬ್ಬನ್ ಪಾರ್ಕಿನ ಹೆಮ್ಮರಗಳ ಕೆಳಗೆ, ಎತ್ತರದ ಕಟ್ಟಡಗಳ ಮಗ್ಗುಲಲ್ಲಿ ಆ ಸುದ್ದಿ ಗೋಡೆಗೆ ಬಡಿದು ಸುತ್ತಿ ಬಳಸಿ ಬರುತ್ತದೆ. ನೀವು ನೆಟ್ಟಗೆ ಓಡಿದ್ದರೂ ನಕ್ಷೆಯಲ್ಲಿ ಕುಡುಕನ ಹೆಜ್ಜೆ. ಆ ಅಂಕುಡೊಂಕೆಲ್ಲ ದೂರಕ್ಕೆ ಸೇರುತ್ತದೆ, ತಿರುವಿನಲ್ಲಿ ಮೂಲೆ ಕತ್ತರಿಸಿದ್ದು ಕಳೆಯುತ್ತದೆ. ಓಡುವ ಮೊದಲು ಬಯಲಲ್ಲಿ ನಿಂತು, ಉಪಗ್ರಹ ಸಿಕ್ಕಿತೆಂದು ವಾಚು ಹೇಳಿದ ಮೇಲೆ ಹೊರಟರೆ ಅರ್ಧ ತೊಂದರೆ ತಪ್ಪುತ್ತದೆ. ಫೋನಿನ ಆ್ಯಪ್ ನಂಬಿದವರು ಇನ್ನೊಂದು ಕೆಲಸ ಮಾಡಬೇಕು. ಬ್ಯಾಟರಿ ಉಳಿಸುವ ಸೆಟ್ಟಿಂಗಿನಿಂದ ಆ ಆ್ಯಪನ್ನು ಹೊರಗಿಡಬೇಕು. ಇಲ್ಲವಾದರೆ ಪರದೆ ಆರಿದ ಕೂಡಲೇ ಫೋನು ಅದನ್ನು ಮಲಗಿಸಿಬಿಡುತ್ತದೆ. ಮನೆಗೆ ಬಂದು ನೋಡಿದರೆ ನೀವು ಯಾರದೋ ಅಡುಗೆಮನೆ, ದೇವಸ್ಥಾನ, ಕೆರೆ ಎಲ್ಲವನ್ನೂ ಒಂದೇ ಗೆರೆಯಲ್ಲಿ ದಾಟಿರುತ್ತೀರಿ!

ಮೊದಲ ಹತ್ತು ಕಿಲೋಮೀಟರ್ ಸ್ಪರ್ಧೆಯ ದಿನ ಈ ವಾಚಿನ ಕಾರಣಕ್ಕೇ ಜಗಳ ನಡೆಯುತ್ತದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಇರಲಿ, ಬೇರೆ ಊರಿನದಿರಲಿ, ಗುರಿ ಮುಟ್ಟಿದ ಕೂಡಲೇ ಕೆಲವರು ಮಣಿಕಟ್ಟು ಎತ್ತಿ ‘10.2 ತೋರಿಸ್ತಿದೆ, ದಾರಿ ಹೆಚ್ಚು ಅಳೆದಿದ್ದಾರೆ’ ಎನ್ನುತ್ತಾರೆ. ಪ್ರಮಾಣೀಕರಿಸಿದ ದಾರಿಯನ್ನು ಅಳೆಯುವುದು ಉಪಗ್ರಹದಿಂದಲ್ಲ, ಸೈಕಲ್ಲಿನಿಂದ. ಅದರ ಮುಂದಿನ ಚಕ್ರದ ಅಚ್ಚಿಗೆ ಸಣ್ಣ ಎಣಿಕೆ ಯಂತ್ರವೊಂದನ್ನು ಜೋಡಿಸಿರುತ್ತಾರೆ. ನ್ಯೂಯಾರ್ಕ್ ರಾಜ್ಯದ ಅಲನ್ ಜೋನ್ಸ್ ಎಂಬ ಎಂಜಿನಿಯರ್ 1970ರ ದಶಕದ ಆರಂಭದಲ್ಲಿ ರೂಪಿಸಿದ್ದು, ಇವತ್ತಿಗೂ ಜೋನ್ಸ್ ಕೌಂಟರ್ ಎಂದೇ ಹೆಸರು. ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಡಬಹುದಾದ ಅತಿ ಹತ್ತಿರದ ದಾರಿಯಲ್ಲೇ ಸೈಕಲ್ ತುಳಿಯುತ್ತಾರೆ. ದಾರಿ ಎಲ್ಲೂ ಕಡಿಮೆಯಾಗದಿರಲಿ ಎಂದು ಸಾವಿರಕ್ಕೆ ಒಂದರಂತೆ ಹೆಚ್ಚಿಗೆ ಸೇರಿಸುತ್ತಾರೆ, ಹತ್ತು ಕಿಲೋಮೀಟರಿಗೆ ಹತ್ತು ಮೀಟರ್. ಉಳಿದ ನೂರೆಂಬತ್ತು ತೊಂಬತ್ತು ಮೀಟರಿನಲ್ಲಿ ಒಂದಿಷ್ಟು ಉಪಗ್ರಹದ್ದು, ಒಂದಿಷ್ಟು ನೀರಿನ ಮೇಜಿಗೆ ಹೋಗಿ ಬಂದದ್ದು, ಮುಂದಿನವರನ್ನು ಬಳಸಿ ಹೋದದ್ದು. ಆ ದಿನದ ಸಮಯಕ್ಕೂ ವಾಚು ಬೇಕಿಲ್ಲ, ಎದೆಯ ಮೇಲಿನ ಬಿಬ್ಬಿನ ಚಿಪ್ಪು ಹಾಸಿನ ಮೇಲೆ ದಾಟಿದಾಗ ತಾನೇ ಬರೆದುಕೊಳ್ಳುತ್ತದೆ.

ಜಿಪಿಎಸ್ ವಾಚೇ ಬೇಡ ಎನ್ನುವವನು ನಾನಲ್ಲ. ಗೊತ್ತಿಲ್ಲದ ಊರಲ್ಲಿ, ಕಲ್ಲಿಲ್ಲದ ಕಾಫಿ ತೋಟದ ದಾರಿಯಲ್ಲಿ ಗಂಟೆಗಟ್ಟಲೆ ಓಡುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಾಗೆ ಕೊಳ್ಳುವಾಗಲೂ ಹೊಸ ಮಾದರಿಯ ಹಿಂದೆ ಬೀಳಬೇಕಿಲ್ಲ. ವರ್ಷಕ್ಕೊಮ್ಮೆ ವಾಚು ಬದಲಾಯಿಸುವ ಓಟಗಾರರು ಎಲ್ಲ ಊರಲ್ಲೂ ಇದ್ದಾರೆ, ಅವರ ಹಳೆಯದು ಅರ್ಧ ಬೆಲೆಗೆ ಸಿಗುತ್ತದೆ; ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆಂದು ಒಂದು ಸಲ ಓಡಿಸಿ ನೋಡಿದರೆ ಆಯಿತು. ಆ ಕ್ಷಣದ ವೇಗ ತೋರಿಸುವ ಪರದೆಯನ್ನು ಮೊದಲ ದಿನವೇ ತೆಗೆದುಹಾಕಿ, ಅದು ನಿಂತಲ್ಲಿ ನಿಲ್ಲದೆ ಕುಣಿಯುತ್ತದೆ, ನೋಡುತ್ತ ನೋಡುತ್ತ ನೀವೂ ಕುಣಿಯುತ್ತೀರಿ. ನಾಡಿ ಬಡಿತ ನೋಡುವ ಹಸಿರು ದೀಪ ಕೆಲಸ ಮಾಡಬೇಕೆಂದರೆ ಪಟ್ಟಿ ಬಿಗಿಯಾಗಿರಬೇಕು, ಅಷ್ಟು ತಿಳಿದಿದ್ದರೆ ಸಾಕು.

ಅವಳಿಗೆ ಇನ್ನೊಂದು ಮಾತು ಹೇಳಿದೆ. ಅವಳ ಊರಿನ ಮಳೆ ಗೊತ್ತಲ್ಲ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಓಡುವುದೆಂದರೆ ನೆನೆಯುವುದೇ. ಒದ್ದೆ ಬೆರಳಿಗೆ ಟಚ್ ಸ್ಕ್ರೀನು ಮಾತು ಕೇಳುವುದಿಲ್ಲ. ಮಳೆಹನಿ ಬಿದ್ದರೆ ತಾನೇ ಓಟ ನಿಲ್ಲಿಸಿಬಿಡುವ ವಾಚುಗಳೂ ಉಂಟು. ಹಾಗಾಗಿ ಶುರು ಮಾಡಲು, ನಿಲ್ಲಿಸಲು ಗುಂಡಿಗಳಿರುವುದನ್ನೇ ಆರಿಸಬೇಕು. ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ, ಬೆರಳು ಅದ್ದಿ, ಒತ್ತಿ ನೋಡಿ ಆಮೇಲೆ ದುಡ್ಡು ಕೊಡು ಎಂದೆ. ‘ಅಂಗಡಿಯವನು ಬೈಯಲ್ವಾ ಚಿಕ್ಕಪ್ಪ?’ ಎಂದಳು. ಬೈದರೆ ಪಕ್ಕದ ಅಂಗಡಿ ಇದೆಯಲ್ಲ.